ಕುದುರೆಗೆ ಅರ್ಧ ಕ್ಷೌರ

ನನ್ನ ಗಡ್ಡದ ಬಗ್ಗೆ ಸಾಗರದಲ್ಲಿ ಎರಡು ಅಭಿಪ್ರಾಯಗಳಿವೆ. ನಮ್ಮ ಬೀದಿಯ ಹಿರಿಯರು ಅದನ್ನು ನಾಸ್ತಿಕರ ಯೂನಿಫಾರ್ಮು ಎನ್ನುತ್ತಾರೆ. ನಾನು ಅತಿಥಿ ಉಪನ್ಯಾಸಕನಾಗಿರುವ ಕಾಲೇಜಿನ ಹುಡುಗರು, ಸರ್‌ಗೆ ಯಾರೋ ಕೈಕೊಟ್ಟಿದ್ದಾರೆ ಎನ್ನುತ್ತಾರೆ. ಎರಡು ಪಕ್ಷದವರೂ ಇದುವರೆಗೆ ಸಾಕ್ಷ್ಯ ಒದಗಿಸಿಲ್ಲ. ನಿಜ ಸಂಗತಿ ಎರಡಕ್ಕಿಂತಲೂ ಸಪ್ಪೆ. ನನ್ನ ಗಡ್ಡದ ಮಿಷನ್ನು ಒಂದು ಕುದುರೆಯ ಕಾಲಿಗೆ ಬಳಕೆಯಾಯಿತು; ಆಮೇಲೆ ಅದನ್ನು ಮುಖಕ್ಕೆ ಹಚ್ಚಲು ಮನಸ್ಸಾಗಲಿಲ್ಲ.

"ಸ್ಪಿರಿಟ್ ಹಾಕಿ ಒರೆಸಿದ್ರೆ ಆಯ್ತಪ್ಪ" ಎಂದು ಗೆಳೆಯರು ಹೇಳುತ್ತಾರೆ. ತರ್ಕದ ಮಟ್ಟದಲ್ಲಿ ನಾನು ಸಂಪೂರ್ಣ ಒಪ್ಪುತ್ತೇನೆ. ಗ್ರಹಣ ಹಿಡಿದ ಹೊತ್ತಿನಲ್ಲಿ ಎಲ್ಲರೆದುರು ಜಗಲಿಯ ಮೇಲೆ ಕೂತು ಮಂಡಕ್ಕಿ ತಿಂದವನು ನಾನು. ಮೈಲಿಗೆ ಗೀಲಿಗೆ ನನ್ನ ಹತ್ತಿರ ನಡೆಯುವುದಿಲ್ಲ. ಆದರೆ ಮಿಷನ್ನು ಹತ್ತಿರ ಬಂದ ಕೂಡಲೇ ಕೆನ್ನೆ ತನ್ನಷ್ಟಕ್ಕೆ ತಾನೇ ಹಿಂದೆ ಸರಿಯುತ್ತದೆ. ಕೆನ್ನೆಗೆ ವೈಚಾರಿಕ ತರಬೇತಿ ಆಗಿಲ್ಲ. ಹಾಗಾಗಿ ಆ ಮಿಷನ್ನು ಈಗ ನನ್ನ ಪುಸ್ತಕದ ಕಪಾಟಿನಲ್ಲಿ, ಚರ್ಚಾ ಸ್ಪರ್ಧೆಗಳಲ್ಲಿ ಗೆದ್ದ ಶೀಲ್ಡುಗಳ ಸಾಲಿನಲ್ಲಿ, ಹಲ್ಲುಗಳ ನಡುವೆ ಬಿಳಿ ಕೂದಲು ಸಿಕ್ಕಿಸಿಕೊಂಡು ಕೂತಿದೆ. ಮನೆಗೆ ಬಂದವರು ಶೀಲ್ಡುಗಳನ್ನೆಲ್ಲ ದಾಟಿ ಅದರ ಬಗ್ಗೆಯೇ ಕೇಳುತ್ತಾರೆ.

ಶೀಲ್ಡುಗಳ ಬಗ್ಗೆ ಯಾರೂ ಕೇಳದ್ದರಿಂದ ನಾನೇ ಹೇಳುತ್ತೇನೆ. ನಾನು ಮೊದಲ ಬಾರಿ ಚರ್ಚೆಗೆ ನಿಂತದ್ದು ಹೈಸ್ಕೂಲಿನಲ್ಲಿ. ವಿಷಯ, ಈ ನಾಡಿನ ಎಲ್ಲ ಹೈಸ್ಕೂಲುಗಳಲ್ಲೂ ಇಂದಿಗೂ ಇತ್ಯರ್ಥವಾಗದೆ ಉಳಿದಿರುವ ಅದೇ ವಿಷಯ: ಹಳ್ಳಿಯ ಜೀವನ ಮೇಲೋ, ಪಟ್ಟಣದ ಜೀವನ ಮೇಲೋ. ಯಾರು ಯಾವ ಪಕ್ಷ ಎಂಬುದನ್ನು ಸೀಮೆಸುಣ್ಣದ ಡಬ್ಬಿಯಲ್ಲಿ ಚೀಟಿ ಹಾಕಿ ತೀರ್ಮಾನಿಸುತ್ತಿದ್ದರು. ನನಗೆ ಪಟ್ಟಣ ಬಂತು. ಆಗ ನಾನು ಕಂಡಿದ್ದ ಅತಿ ದೊಡ್ಡ ಪಟ್ಟಣ ಸಾಗರ. ಆದರೂ ಮೇಲ್ಸೇತುವೆ, ಮೆಟ್ರೊ, ಬಹುಮಹಡಿ ಆಸ್ಪತ್ರೆ ಎಂದು ಮುಷ್ಟಿ ಬಿಗಿದು ಭಾಷಣ ಹೊಡೆದೆ. ಒಂದು ಸ್ಟೀಲಿನ ಸೋಪಿನ ಡಬ್ಬಿ ಬಹುಮಾನ ಬಂತು. ತಿಂಗಳೊಪ್ಪತ್ತಿನಲ್ಲಿ ಇನ್ನೊಂದು ಶಾಲೆಯಲ್ಲಿ ಅದೇ ವಿಷಯ. ಈ ಸಲ ಚೀಟಿಯಲ್ಲಿ ಹಳ್ಳಿ. ಶುದ್ಧ ಗಾಳಿ, ಹಕ್ಕಿಯ ಕಲರವ, ಕೆರೆಯ ನೀರು ಎಂದು ಗದ್ಗದಿತನಾದೆ. ಮತ್ತೊಂದು ಸೋಪಿನ ಡಬ್ಬಿ. ಸತ್ಯ ಯಾವ ಪಕ್ಷದಲ್ಲಿದ್ದರೂ ಸೋಪಿನ ಡಬ್ಬಿ ಗಂಟಲಿದ್ದವನ ಪಕ್ಷದಲ್ಲಿರುತ್ತದೆ ಎಂಬ ತಿಳಿವಳಿಕೆ ನನಗೆ ಮೀಸೆ ಬರುವ ಮೊದಲೇ ಬಂದಿತ್ತು. ಹೊಸನಗರದ ಸರೋಜತ್ತೆ ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಅವಳ ಬಾಯಲ್ಲಿ ನಾನು ಸೋಪ್‌ಡಬ್ಬಿ.

ಕುದುರೆಯ ವಿಷಯ ಶುರುವಾಗುವುದು ಈ ಅತ್ತೆಯ ಮನೆಯಲ್ಲಿ. ಅವಳ ಗಂಡ ಚಂದ್ರಮಾವ ನನ್ನ ಅಮ್ಮನ ತಮ್ಮ. ಹೊಸನಗರದ ಅಂಚಿನಲ್ಲಿ ಶಾಮಿಯಾನದ ವ್ಯಾಪಾರ. ಮನೆಯ ಹಿಂದೆ ದೊಡ್ಡ ಗೋಡೌನು. ಅದರ ತುಂಬ ಮಡಚಿದ ಕುರ್ಚಿಗಳು, ಮಕ್ಕಳು ಈಜಬಹುದಾದಷ್ಟು ದೊಡ್ಡ ಹಂಡೆಗಳು, ಮದುಮಕ್ಕಳು ಕೂರುವ ಸಿಂಹಾಸನಗಳು. ಸಣ್ಣವನಿದ್ದಾಗ ರಜೆಗೆ ಹೋದರೆ ಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಕುರ್ಚಿಗಳ ಗುಡ್ಡದ ನಡುವೆ ಕುದುರೆಯಾಗಿ ಓಡುತ್ತಿದ್ದ. ಆಗ ಅವನ ತಲೆಯಲ್ಲಿ ಕೂದಲಿತ್ತು. ಲಗಾಮಿನ ಕೆಲಸಕ್ಕೆ ಬರುತ್ತಿತ್ತು. ಈಗ ಆ ತಲೆಯ ಮೇಲೆ ಹುಲ್ಲುಕಡ್ಡಿಯೂ ಉಳಿದಿಲ್ಲ. ಲಗಾಮನ್ನು ನಾನೇ ಕಿತ್ತೆನೆಂದು ಮಾವ ಹೇಳುವುದುಂಟು. ಅದಕ್ಕೂ ಸಾಕ್ಷ್ಯವಿಲ್ಲ.

ಈಚೆಗೆ ನಮ್ಮ ಕಡೆಯ ಮದುವೆಗಳು ಬದಲಾಗಿರುವುದು ನಿಮಗೂ ಗೊತ್ತು. ಮೊದಲು ವರ ಜೀಪಿನಲ್ಲಿ ಬಂದು, ಕಾಲು ತೊಳೆಸಿಕೊಂಡು, ಕೊಟ್ಟ ಪಾನಕ ಕುಡಿದು ಸುಮ್ಮನೆ ಕೂರುತ್ತಿದ್ದ. ಈಗ ಮೊಬೈಲಿನಲ್ಲಿ ಉತ್ತರದ ಮದುವೆಗಳನ್ನು ನೋಡಿ ನೋಡಿ, ತೀರ್ಥಹಳ್ಳಿಯ ವರನಿಗೂ ಕುದುರೆ ಹತ್ತಬೇಕು ಅನ್ನಿಸಿದೆ. ಹತ್ತಿದ ಮೇಲೆ ಇಳಿಯಬೇಕು ಅನ್ನಿಸುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ, ಆ ಮಾತು ಬೇರೆ. ಮಾವ ಈ ಗಾಳಿ ಹಿಡಿದು, ಹೋದ ವರ್ಷ ದಸರಾ ಕಳೆಯುತ್ತಿದ್ದಂತೆ, ಹಿನ್ನೀರಿನ ಕಡೆ ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತುತ್ತಿದ್ದ ಒಂದು ಬಿಳಿ ಕುದುರೆಯನ್ನು ಕೊಂಡುತಂದ. ಅದರ ಮೂಲ ಊಟಿ ಕಡೆಯಂತೆ. ಹೆಸರು ಶಹೆನ್‌ಷಾ. ಅತ್ತೆ ಒಂದೇ ದಿನದಲ್ಲಿ ಅದನ್ನು ಶೇಷ ಎಂದು ಮಾಡಿದಳು. "ದಿನಾ ಹುಲ್ಲು ಹಾಕೋಳು ನಾನು. ನನ್ನ ಬಾಯಿಗೆ ಬರೋ ಹೆಸ್ರಿದ್ರೆ ಸಾಕು."

ಶೇಷನ ವಿಶೇಷ ಇದ್ದದ್ದು ಕಾಲುಗಳಲ್ಲಿ. ಮಂಡಿಯಿಂದ ಕೆಳಗೆ ಉದ್ದನೆಯ ಬಿಳಿ ಕೂದಲು ಇಳಿಬಿದ್ದು, ಗೊರಸನ್ನೆಲ್ಲ ಮುಚ್ಚಿ, ಹಳೆಯ ಫೋಟೊಗಳಲ್ಲಿ ನಮ್ಮ ಅಪ್ಪಂದಿರು ತೊಟ್ಟ ಬೆಲ್‌ಬಾಟಮ್ ಪ್ಯಾಂಟಿನ ಹಾಗೆ ಕಾಣುತ್ತಿತ್ತು. ಗೆಜ್ಜೆ ಕಟ್ಟಿ ನಡೆಸಿದರೆ ಆ ಕೂದಲು ಹೆಜ್ಜೆ ಹೆಜ್ಜೆಗೂ ಚಾಮರ ಬೀಸಿದಂತೆ ಬೀಸುತ್ತಿತ್ತು. ಫೋಟೊಗ್ರಾಫರುಗಳು ವರನನ್ನು ಬಿಟ್ಟು ಕಾಲಿನ ಫೋಟೊ ತೆಗೆಯುತ್ತಿದ್ದರು. ತುಳಸಿ ಪೂಜೆ ಕಳೆದು ಮದುವೆಗಳು ಶುರುವಾದದ್ದೇ ಶೇಷ ಹೆಸರು ಮಾಡಿದ.

ಆಮೇಲೆ ಚಳಿ ಬಂತು, ಚಳಿಯ ಜೊತೆ ಇಬ್ಬನಿ ಬಂತು. ನಮ್ಮಲ್ಲಿ ಇಬ್ಬನಿಯೆಂದರೆ ಕ್ಯಾಲೆಂಡರಿನ ಚಿತ್ರದಲ್ಲಿ ಹುಲ್ಲಿನ ತುದಿಗೆ ಕೂತ ಮುತ್ತಲ್ಲ. ಬಿಸಿಲು ಬಲಿಯುವವರೆಗೆ ನೆಲ ನೆನೆದ ಗೋಣಿಚೀಲದಂತಿರುತ್ತದೆ. ಕೊಯ್ಲಾದ ಗದ್ದೆಯಲ್ಲಿ ಮೇಯಲು ಬಿಟ್ಟ ಶೇಷ ಪ್ಯಾಂಟು ಪೂರ್ತಿ ಒದ್ದೆ ಮಾಡಿಕೊಂಡು ಬರುತ್ತಿದ್ದ. ಸಂಜೆಯಾದರೂ ಅದು ಒಣಗುತ್ತಿರಲಿಲ್ಲ. ಒಂದು ಭಾನುವಾರ ನಾನು ಹೋದಾಗ ಅವನು ಹಿಂಗಾಲೊಂದನ್ನು ಊರದೆ, ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿಸಿ ನಿಂತಿದ್ದ. ಸ್ವಲ್ಪ ಹೊತ್ತಿಗೆ ಕಾಲು ಬದಲಾಯಿಸಿದ. ಕೂದಲು ಸರಿಸಿ ನೋಡಿದರೆ ಎರಡೂ ಹಿಂಗಾಲುಗಳಲ್ಲಿ, ಗೊರಸಿನ ಮೇಲೆ, ಹೊಪ್ಪಳೆಗಟ್ಟಿದ ಹುಣ್ಣು.

"ಕೂದ್ಲು ತೆಗೀರಿ ಅಂತ ಅವತ್ತಿಂದ ಹೇಳ್ತಾ ಇದೀನಿ" ಎಂದಳು ಅತ್ತೆ. "ಒದ್ದೆ ಮಸಿಬಟ್ಟೆ ಕಾಲಿಗೆ ಸುತ್ಕಂಡು ನಿಂತ್ರೆ ನಿಮ್ಗೂ ಹುಣ್ಣಾಗ್ತದೆ. ಮೇಲಿಂದ ಆ ಕೂದ್ಲೊಳಗೆ ರಕ್ತ ಹೀರೋ ಉಣುಗು ಕೂತ್ಕಂಡು ಮನೇಗೆಲ್ಲ ಬರ್ತದೆ."

"ತೆಗ್ದು? ಈ ಚಳೀಲಿ ಬರಿಗಾಲಲ್ಲಿ ನಿಲ್ಸೋದಾ?" ಮಾವ ಹಾರಿಬಿದ್ದ. "ಅದು ಅದ್ರ ಕಂಬ್ಳಿ ಕಣೇ. ಗದ್ದೇಲಿ ಕೊಯ್ದ ಬುಡ ಚುಚ್ಚಿದ್ರೆ ತಡೆಯೋದು ಅದೇ ಕೂದ್ಲು. ದೇವ್ರು ಕೊಟ್ಟಿದ್ದನ್ನ ಬೋಳ್ಸೋಕೆ ನಾವ್ಯಾರು?"

"ತಲೇಲಿ ದೇವ್ರು ಕೊಟ್ಟಿದ್ದನ್ನ ಉಳಿಸ್ಕಳೋಕೆ ಆಗ್ಲಿಲ್ಲ, ಕುದ್ರೆ ಕಾಲಲ್ಲಿ ಉಳಿಸ್ತಾರಂತೆ!"

ಇದು ನಗುವ ವಿಷಯವಾಗಿ ಉಳಿಯಲಿಲ್ಲ. ಅತ್ತೆಗೆ ಕುದುರೆ ಮೊದಲಿಂದಲೂ ಬೇಡವಾಗಿತ್ತು. ಅವಳು ಅಂದೇ ಗಡುವು ಕೊಟ್ಟಳು. "ಹೆಂಗೂ ನಾಳಿದ್ದಿಂದ ಧನುರ್ಮಾಸ, ಮದ್ವೆ ಇಲ್ಲ. ಸಂಕ್ರಾಂತಿ ತನಕ ನೋಡ್ತೀನಿ. ಅಷ್ಟ್ರೊಳಗೆ ನಾಲ್ಕು ಕಾಲೂ ಊರಿ ನಿಂತ್ರೆ ಇರ್ಲಿ. ಇಲ್ಲ ಅಂದ್ರೆ ದಲ್ಲಾಳಿಗೆ ಫೋನ್ ಮಾಡಿ. ನರಳೋ ಪ್ರಾಣೀನ ನೋಡ್ತಾ ಅನ್ನ ಬೇಯ್ಸೋಕೆ ನಂಗಾಗಲ್ಲ." ಕುಂಟುವ ಕುದುರೆಯನ್ನು ದಲ್ಲಾಳಿ ತೆಗೆದುಕೊಂಡು ಎಲ್ಲಿಗೆ ಹೊಡೆಯುತ್ತಾನೆ ಎಂಬುದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾವ ತೀರ್ಥಹಳ್ಳಿಯ ಒಂದು ಮದುವೆಗೆ, ಸಂಕ್ರಾಂತಿ ಕಳೆದ ಕೂಡಲೇ ಶೇಷನನ್ನು ತರುವುದಾಗಿ ಮಾತು ಕೊಟ್ಟಿದ್ದ. ಈಗ ಮಾತಿನ ಚಿಂತೆಯೂ ಅವನ ಮುಖದಲ್ಲಿರಲಿಲ್ಲ. ಕುದುರೆಯ ಕುತ್ತಿಗೆಗೆ ಕೈಯಿಟ್ಟು ನಿಂತಿದ್ದ.

"ಅಳಿಯ, ನೀನು ಚರ್ಚೇಲಿ ಶೀಲ್ಡ್ ಹೊಡ್ದವ. ನೀನೇ ಹೇಳು. ಬೋಳಿಸ್ಬೇಕಾ, ಬೇಡ್ವಾ?"

ಜೀವಮಾನದಲ್ಲಿ ಮೊದಲ ಬಾರಿ ನನ್ನ ವಿದ್ಯೆಯನ್ನು ಮನೆಯವರು ಕೇಳಿ ಪಡೆಯುತ್ತಿದ್ದರು. ನಾನು ಮೊಬೈಲು ತೆಗೆದು ಒಂದಿಷ್ಟು ಓದಿದೆ. ಚಳಿ ದೇಶಗಳ ಕುದುರೆ ಸಾಕುವವರು ಇದೇ ವಿಷಯಕ್ಕೆ ಎರಡು ಪಂಗಡವಾಗಿ, ನಮ್ಮ ಊರಿನ ದೇವಸ್ಥಾನದ ಸಮಿತಿಗಿಂತ ಕೆಟ್ಟದಾಗಿ ಬೈದಾಡಿಕೊಂಡಿದ್ದರು. ನನಗೆ ಬೇಕಾದ ಸಾಮಗ್ರಿಯೆಲ್ಲ ಸಿಕ್ಕಿತು. ಜಗಲಿಯ ಮೆಟ್ಟಿಲ ಮೇಲೆ ನಿಂತು ಮೊದಲು ಬೋಳಿಸುವುದರ ಪರವಾಗಿ ಮಾತಾಡಿದೆ. ತೇವ, ಗಾಳಿಯಾಡದ ಚರ್ಮ, ಕಣ್ಣಿಗೆ ಕಾಣದ ಹುಣ್ಣಿಗೆ ಮದ್ದು ಹಚ್ಚುವ ಅಸಾಧ್ಯತೆ. ಅತ್ತೆ ಚಪ್ಪಾಳೆ ತಟ್ಟಿದಳು. ಕಾಫಿ ಕುಡಿದು ವಿರೋಧವಾಗಿ ಮಾತಾಡಿದೆ. ನೀರನ್ನು ಹೊರಕ್ಕೆ ಜಾರಿಸುವ ಕೂದಲಿನ ಇಳಿಜಾರು, ಬೋಳಿಸಿದ ಮೇಲೆ ಮೊಳೆತು ಚುಚ್ಚುವ ಗಿಡ್ಡ ಕೂದಲು, ಹಿಮದ ನಾಡಿನಲ್ಲಿ ಪ್ರಕೃತಿಯೇ ಹೊಲಿದುಕೊಟ್ಟ ಕಾಲುಚೀಲ. ಮಾವನ ಕಣ್ಣಲ್ಲಿ ನೀರು ಬಂತು.

"ಭೇಷ್! ಹಂಗಾರೆ ಎಂತ ಮಾಡೋಣ?"

ಚರ್ಚಾ ಸ್ಪರ್ಧೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಗಂಟೆ ಹೊಡೆಯುತ್ತದೆ, ನಾವು ಇಳಿಯುತ್ತೇವೆ. ಏನು ಮಾಡಬೇಕೆಂಬುದು ತೀರ್ಪುಗಾರರ ತಲೆನೋವು. ಅವರೂ ಸೋಪಿನ ಡಬ್ಬಿ ಕೊಟ್ಟು ಮನೆಗೆ ಹೋಗುತ್ತಾರೆ. ಹಳ್ಳಿ ಮೇಲೆಂದು ತೀರ್ಪಾದ ದಿನ ಯಾವ ತೀರ್ಪುಗಾರನೂ ಹಳ್ಳಿಗೆ ಮನೆ ಬದಲಾಯಿಸಿದ್ದನ್ನು ನಾನು ಕಂಡಿಲ್ಲ.

"ಇಷ್ಟು ಹೊತ್ತು ಮಾತಾಡಿದ್ಯಲ್ಲ, ಶೇಷಂಗೆ ಎಂತ ಸಿಕ್ತು?" ಎಂದಳು ಅತ್ತೆ. ನಾನು ಮಾತಾಡುವಾಗ ಶೇಷ ನನ್ನ ಬ್ಯಾಗಿನಿಂದ ಹೊರಚಾಚಿದ್ದ ಪೇಪರಿನ ಸಂಪಾದಕೀಯ ಪುಟವನ್ನು ತಿಂದಿದ್ದ. ಏನೂ ಸಿಗಲಿಲ್ಲವೆಂದು ಹೇಳುವಂತಿರಲಿಲ್ಲ.

ದನದ ಡಾಕ್ಟರನ್ನು ಕರೆಸಿದೆವು. ಅವರು ಬೈಕು ನಿಲ್ಲಿಸಿ, ಕುದುರೆಯನ್ನು ನೋಡಿ, ಹೆಲ್ಮೆಟ್ ತೆಗೆಯದೆ ಅದರ ಸುತ್ತ ಒಂದು ಸುತ್ತು ಹಾಕಿದರು. "ದನ ಆಗಿದ್ರೆ ಕಣ್ಮುಚ್ಚಿ ಹೇಳ್ತಿದ್ದೆ. ಕುದುರೆ ನಾನು ಓದಿದ್ದಷ್ಟೇ, ಮುಟ್ಟಿದ್ದು ಕಮ್ಮಿ." ಒಂದು ಮುಲಾಮು ಬರೆದುಕೊಟ್ಟರು. "ನೋಡಿ, ಕಾಲು ಚೊಕ್ಕ ಇರ್ಬೇಕು, ಒಣಗಿರ್ಬೇಕು. ಕೂದ್ಲು ತೆಗ್ದು ಒಣಗಿಸ್ತೀರೋ, ಇಟ್ಟು ಒಣಗಿಸ್ತೀರೋ, ಅದು ನಿಮಗೆ ಬಿಟ್ಟಿದ್ದು." ಅವರು ಹೋದ ಮೇಲೆ ಇದು ತೀರ್ಪೇ ಅಲ್ಲವೆಂದು ನಾವು ಮೂವರೂ ಒಮ್ಮತದಿಂದ ತಳ್ಳಿಹಾಕಿದೆವು. ಆ ಮನೆಯಲ್ಲಿ ಆ ಚಳಿಗಾಲದಲ್ಲಿ ಮೂಡಿದ ಒಮ್ಮತ ಅದೊಂದೇ.

ಆಗ ನನಗೆ ಹೊಳೆಯಿತು. ಶಾಸ್ತ್ರ ಬೇಡ, ದೇವರು ಬೇಡ, ಡಾಕ್ಟರೂ ಬೇಡ. ಕುದುರೆಯ ಕಾಲೇ ಹೇಳಲಿ. ಹುಣ್ಣು ಎರಡೂ ಹಿಂಗಾಲಲ್ಲಿದೆ, ಹೆಚ್ಚುಕಮ್ಮಿ ಒಂದೇ ಅಳತೆಯದು. ಎಡಗಡೆಯ ಎರಡು ಕಾಲು ಬೋಳಿಸೋಣ, ಬಲಗಡೆಯವನ್ನು ಹಾಗೇ ಬಿಡೋಣ. ಒಂದೇ ಕೊಟ್ಟಿಗೆ, ಒಂದೇ ಮುಲಾಮು, ಒಂದೇ ಮೇವು. ಧನುರ್ಮಾಸ ಮುಗಿಯುವುದರೊಳಗೆ ಯಾವ ಕಾಲು ಮೊದಲು ಮಾಯುತ್ತದೋ ಆ ಪಕ್ಷ ಗೆದ್ದಂತೆ. ಆಮೇಲೆ ನಾಲ್ಕೂ ಕಾಲಿಗೆ ಅದೇ ನ್ಯಾಯ. ನನ್ನ ಜಾಣ್ಮೆಗೆ ನಾನೇ ಬೆರಗಾದೆ. ಮಾವ ಒಪ್ಪಿದ, ಅರ್ಧವಾದರೂ ಉಳಿಯುತ್ತದಲ್ಲ ಎಂದು. ಅತ್ತೆ ಒಪ್ಪಿದಳು, ಅರ್ಧವಾದರೂ ಹೋಗುತ್ತದಲ್ಲ ಎಂದು.

"ಆದ್ರೆ ಇವತ್ತು ಬೇಡ" ಎಂದ ಮಾವ. "ಭಾನುವಾರ ಕ್ಷೌರ ಮಾಡಿದ್ರೆ ಆಯಸ್ಸು ಕಮ್ಮಿ ಅಂತಾರೆ."

"ಯಾರ ಆಯಸ್ಸು? ಕುದುರೆಯದೋ, ನಿನ್ನದೋ, ಮಿಷನ್ನಿನದೋ?" ಎಂದು ನಾನು ಪಾಟೀಸವಾಲು ಹಾಕಿದೆ. ಮಾವ ಸೋಮವಾರ ಎಂದ. ಸೋಮವಾರ ಅವರ ಮನೆದೇವರ ವಾರವೆಂದು ಅತ್ತೆ ತಡೆದಳು. ಮಂಗಳವಾರ ಕ್ಷೌರದಂಗಡಿಗೇ ರಜೆ. ಕಡೆಗೆ ಬುಧವಾರ ಗೊತ್ತಾಯಿತು. ಬುಧವಾರದ ಪರವಾಗಿ ಯಾವ ಕಾರಣವೂ ಇರಲಿಲ್ಲ, ವಿರೋಧವಾಗಿ ಯಾರಿಗೂ ಏನೂ ನೆನಪಾಗಲಿಲ್ಲ ಅಷ್ಟೇ. ನಾನು ಕಾಲೇಜಿಗೆ ರಜೆ ಹಾಕಿ ಬಂದೆ. ಮಾವ ಪೇಟೆಯ ಕ್ಷೌರದಂಗಡಿಯವನನ್ನು ಕೇಳಿ ಬೈಸಿಕೊಂಡು ಬಂದಿದ್ದ. "ಕುದ್ರೆ ಕಾಲಿಗೆ ಹಾಕಿದ್ದನ್ನ ನಾಳೆ ನಿಮ್ಮ ಮೀಸೆಗೆ ಹಾಕ್ಲಾ?" ಎಂದನಂತೆ. ಹೀಗೆ ನನ್ನ ಬ್ಯಾಗಿನಲ್ಲಿದ್ದ ಗಡ್ಡದ ಮಿಷನ್ನು ವಿಜ್ಞಾನದ ಸೇವೆಗೆ ಸೇರಿತು.

ಮಾವ ಮೂಗುದಾರದಂತೆ ಹಗ್ಗ ಬಿಗಿಹಿಡಿದ. ಅತ್ತೆ ಬೆಲ್ಲದ ಚೂರು ಕೊಡುತ್ತ ಕುದುರೆಯ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಬಹುಶಃ ನನ್ನ ವಿರುದ್ಧ. ಮಿಷನ್ನು ಗುಂಯ್ ಎಂದ ಕೂಡಲೇ ಶೇಷ ಒಂದು ಬಕೆಟ್ಟನ್ನು ಗೋಡೌನಿನ ಇನ್ನೊಂದು ತುದಿಗೆ ಕಳಿಸಿದ. ಎರಡನೆಯ ಸಲ ಸುಮ್ಮನಾದ. ಕೂದಲು ಕಂತೆ ಕಂತೆಯಾಗಿ ಬಿತ್ತು. ಕೆಳಗೆ ಚರ್ಮ ಎಳೆ ಮಗುವಿನ ಅಂಗಾಲಿನಷ್ಟು ಕೆಂಪಗಿತ್ತು. ಹುಣ್ಣು ನಾವು ಅಂದುಕೊಂಡಿದ್ದಕ್ಕಿಂತ ಎಷ್ಟೋ ಅಗಲಕ್ಕೆ ಹಬ್ಬಿತ್ತು. ಬೆರಳು ತಾಗಿದರೆ ಕಾಲು ಥರಗುಟ್ಟುತ್ತಿತ್ತು. ಅತ್ತೆ, "ಅಯ್ಯೋ ಶೇಷ" ಎಂದಳು. ಆಮೇಲೆ ತಕ್ಷಣ ನೆನಪಾದವಳಂತೆ, "ನಾ ಹೇಳ್ಲಿಲ್ವಾ?" ಎಂದು ಸೇರಿಸಿದಳು.

ಕೆಲಸ ಮುಗಿದಾಗ ಎಡದಿಂದ ನೋಡಿದರೆ ಅದು ಚಡ್ಡಿ ಹಾಕಿದ ಪೊಲೀಸಿನಂತೆಯೂ, ಬಲದಿಂದ ನೋಡಿದರೆ ಹಳೆಯ ಸಿನಿಮಾದ ನಾಯಕನಂತೆಯೂ ಕಾಣುತ್ತಿತ್ತು. ಎದುರಿನಿಂದ ನೋಡಿದವರಿಗೆ ತಮ್ಮ ಕಣ್ಣಿನ ಮೇಲೇ ಅನುಮಾನ ಬರುತ್ತಿತ್ತು. ಎಡಗಾಲುಗಳು ಅತ್ತೆಯ ಪಕ್ಷ, ಬಲಗಾಲುಗಳು ಮಾವನ ಪಕ್ಷ ಎಂದು ಘೋಷಿಸಿ, "ಎರಡೂ ಕಡೆಗೆ ಒಂದೇ ಆರೈಕೆ, ಹೆಚ್ಚುಕಮ್ಮಿ ಮಾಡಿದರೆ ಪ್ರಯೋಗ ಕೆಡುತ್ತದೆ" ಎಂದು ಕಟ್ಟಪ್ಪಣೆ ಮಾಡಿ, ಮಿಷನ್ನನ್ನು ಅಲ್ಲೇ ಬಿಟ್ಟು ಸಾಗರದ ಬಸ್ಸು ಹತ್ತಿದೆ.

ಪ್ರತಿ ಭಾನುವಾರ ಮೊಬೈಲಿಗೆ ಕಾಲುಗಳ ಫೋಟೊ ಬರತೊಡಗಿತು. ಎಡಗಾಲಿನದ್ದು ಅತ್ತೆಯಿಂದ, ಬಲಗಾಲಿನದ್ದು ಮಾವನಿಂದ. ಮೊದಲ ವಾರ ಎರಡೂ ಸ್ವಲ್ಪ ವಾಸಿ. ಎರಡನೆಯ ವಾರ ಎರಡೂ ಇನ್ನಷ್ಟು ವಾಸಿ. ನಾನು ಗೊಂದಲಕ್ಕೆ ಬಿದ್ದೆ. ಒಂದು ಕಾಲಾದರೂ ಸೋಲಬೇಕಿತ್ತು. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಪಾಠದ ನಡುವೆ ಸಿದ್ಧಾಂತಗಳನ್ನು ಕಟ್ಟಿದೆ. ರಕ್ತ ಎರಡೂ ಕಾಲಿಗೆ ಸಮನಾಗಿ ಹರಿಯುವುದರಿಂದ ಒಂದರ ಗುಣ ಇನ್ನೊಂದಕ್ಕೆ ಹರಡುತ್ತಿದೆಯೆ? ಬೋಳು ಕಾಲನ್ನು ಕಂಡು ಕೂದಲಿನ ಕಾಲಿಗೆ ಪೈಪೋಟಿ ಹುಟ್ಟಿದೆಯೆ? ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಿದಾಗ ಹಿಂದಿನ ಬೆಂಚಿನಿಂದ, "ಸರ್, ಕುದುರೆಗೆ ಹೇಳಿದ್ದೀರಾ ಇದು ಸ್ಪರ್ಧೆ ಅಂತ?" ಎಂಬ ಪ್ರಶ್ನೆ ಬಂತು. ನಾನು ಅದನ್ನು ಅಪ್ರಸ್ತುತವೆಂದು ತಳ್ಳಿಹಾಕಿದೆ.

ಸಂಕ್ರಾಂತಿಯ ಹಿಂದಿನ ದಿನ ಯಾರಿಗೂ ಹೇಳದೆ ಮೊದಲ ಬಸ್ಸಿಗೇ ಹೊರಟೆ. ತೀರ್ಪು ಕೊಡುವವನು ಹೇಳಿ ಹೋಗಬಾರದು. ಹೊಸನಗರದಲ್ಲಿ ಇಳಿದಾಗ ಮಂಜು ಮುಸುಕಿ ಎದುರಿನ ಅಂಗಡಿಯೂ ಕಾಣುತ್ತಿರಲಿಲ್ಲ. ಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇಲ್ಲ. ಹಿತ್ತಿಲ ಕಡೆಯಿಂದ ಏನೋ ಗುಂಯ್‌ಗುಡುವ ಸದ್ದು, ಅರಿಶಿನ ಬೆರೆತ ಕೊಬ್ಬರಿ ಎಣ್ಣೆಯ ವಾಸನೆ, ಅದರ ಮೇಲೆ ಜಗಳ.

"ಏ ಮಾರಾಯ್ತಿ, ನಿನ್ ನೀರು ನನ್ ಕಾಲಿಗೆ ಹಾರ್ತದೆ!"

"ನಿಮ್ ಕಾಲಲ್ಲ ಅದು, ಕುದ್ರೆ ಕಾಲು."

"ಬಲಗಾಲು ನಂದೇ ಕಣೇ! ಈಗಷ್ಟೇ ಒಣಗ್ಸಿದೀನಿ."

"ಆ ಬಿಸಿಗಾಳಿ ಈ ಕಡೆ ಬಿಡ್ಬೇಡಿ ಮತ್ತೆ. ನನ್ ಎಣ್ಣೆ ಒಣಗಿ ಹೋಗ್ತದೆ."

ಜರಿಯಂಚಿನ ಶಾಮಿಯಾನ ಬಟ್ಟೆ ಕಟ್ಟಿದ ಕೊಟ್ಟಿಗೆಯಲ್ಲಿ ಶೇಷ ಮದುಮಗನ ಗಾಂಭೀರ್ಯದಿಂದ ನಿಂತಿದ್ದ. ಅವನ ಎಡಕ್ಕೆ ಅತ್ತೆ ಕುಕ್ಕರುಗಾಲಿನಲ್ಲಿ ಕೂತು, ಬೇವಿನೆಲೆ ಕುದಿಸಿದ ನೀರಿನಲ್ಲಿ ಬಟ್ಟೆ ಅದ್ದಿ ಹಿಂಗಾಲಿಗೆ ಶಾಖ ಕೊಡುತ್ತಿದ್ದಳು. ಪಕ್ಕದಲ್ಲಿ ಎಣ್ಣೆಯ ಬಟ್ಟಲು. ಬಲಕ್ಕೆ ಮಾವ ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಹೇರ್ ಡ್ರೈಯರು ಹಿಡಿದಿದ್ದ. ಮದುಮಗಳ ಅಲಂಕಾರದ ಕೋಣೆಗೆಂದು ಅವನು ಬಾಡಿಗೆಗೆ ಕೊಡುವ ಡ್ರೈಯರು. ಕೂದಲಿಲ್ಲದ ಆ ತಲೆ, ಆ ಡ್ರೈಯರು, ಆ ತನ್ಮಯತೆ. ಇಬ್ಬರ ನಡುವೆ ಕುದುರೆಯ ಹೊಟ್ಟೆ ಗೋಡೆಯಾಗಿತ್ತು. ಅದರ ಅಡಿಯಿಂದ ಬಗ್ಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೈದಾಡುತ್ತಿದ್ದರು.

"ಇದೆಂತದು?" ಎಂದೆ.

ಡ್ರೈಯರು ನಿಂತಿತು. ಅತ್ತೆ ಎಣ್ಣೆಯ ಬಟ್ಟಲಿನ ಮೇಲೆ ಸೆರಗು ಎಳೆದಳು.

"ಯಾವತ್ತಿಂದ ನಡೀತಿದೆ ಇದು?"

"ನೀ ಹೋದ ಮಾರ್ನೇ ದಿನ ನೋಡ್ತೀನಿ, ಇವ್ರು ಕದ್ದು ಮುಚ್ಚಿ ಗಾಳಿ ಹಾಕ್ತಿದ್ರು" ಎಂದಳು ಅತ್ತೆ. "ಅವ್ರು ಮೋಸ ಮಾಡ್ವಾಗ ನಾ ಕೈಕಟ್ಟಿ ಕೂರ್ಲಾ?"

"ಸುಳ್ಳು! ಅವ್ಳ ಎಣ್ಣೆ ವಾಸ್ನೆ ಬಂದ್ಮೇಲೇ ನಾನು ಡ್ರೈಯರ್ ತಂದಿದ್ದು!"

ಯಾರು ಮೊದಲೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ನಾನು ಬಗ್ಗಿ ನೋಡಿದೆ. ಎಡ ಹಿಂಗಾಲಲ್ಲಿ ಹೊಸ ಚರ್ಮ ಮಿನುಗುತ್ತಿತ್ತು. ಬಲ ಹಿಂಗಾಲಲ್ಲಿ ಕೂದಲು ಸರಿಸಿದರೆ ಅಲ್ಲೂ ಹುಣ್ಣಿನ ಗುರುತು ಮಾತ್ರ. ಶೇಷ ನಾಲ್ಕೂ ಕಾಲು ಗಟ್ಟಿಯಾಗಿ ಊರಿ ನಿಂತಿದ್ದ. ಚೊಕ್ಕವಾಗಿ, ಒಣಗಿ. ಡಾಕ್ಟರು ಹೆಲ್ಮೆಟ್ಟಿನೊಳಗಿಂದ ಹೇಳಿದ್ದು ಕಿವಿಯಲ್ಲಿ ಸುಳಿಯಿತು. ಒಬ್ಬ ಚರ್ಚಾಪಟುವಿಗೆ ಶೋಭಿಸದ ಮಾತೆಂದು ಅದನ್ನು ಬೇಗ ದಾಟಿದೆ.

ನನ್ನ ಪ್ರಯೋಗ ನೆಲಕಚ್ಚಿತ್ತು. ಕಾಲು ಬೋಳಿಸಬೇಕೆ ಬೇಡವೆ ಎಂಬುದರ ಬಗ್ಗೆ ಜಗತ್ತಿಗೆ ಒಂದು ಗುಲಗಂಜಿಯಷ್ಟೂ ಹೊಸ ಜ್ಞಾನ ಸಿಕ್ಕಿರಲಿಲ್ಲ. ಆದರೆ ಕೈಗೆ ಸಿಕ್ಕ ತಪ್ಪನ್ನು ಬ್ಯಾಟರಿ ಹಾಕಿ ತೋರಿಸದೆ ಬಿಟ್ಟರೆ ನಾನು ನಾನಲ್ಲ.

"ಅತ್ತೆ, ನಿನ್ನ ನಿಲುವು ಏನಿತ್ತು? ಕುದುರೆ ಹೋಗಲಿ ಅಂತ. ಹುಣ್ಣು ಮಾಯದಿದ್ದರೆ ಹೋಗುತ್ತಿತ್ತು. ನೀನೇ ಮಾಯಿಸಿದೆ. ಅಂದರೆ ನಿನ್ನ ವಾದವನ್ನು ನೀನೇ ಸೋಲಿಸಿದ್ದೀಯ."

ಅತ್ತೆ ಬಟ್ಟೆ ಹಿಂಡಿದಳು. "ಕುದ್ರೆ ಹೋಗ್ಲಿ ಅಂದಿದ್ದೆ, ಹೌದು. ನನ್ ಕಾಲು ಸೋಲ್ಲಿ ಅಂದಿದ್ನಾ?"

ಗಂಟೆ ಹೊಡೆದು ನನ್ನನ್ನು ಇಳಿಸುವವರು ಅಲ್ಲಿ ಯಾರೂ ಇರಲಿಲ್ಲ.

ದಲ್ಲಾಳಿಗೆ ಫೋನು ಹೋಗಲಿಲ್ಲ. ಎಳ್ಳುಬೆಲ್ಲದ ಮೊದಲ ಪಾಲು ಶೇಷನಿಗೆ ಹೋಯಿತು. ತೀರ್ಥಹಳ್ಳಿಯ ಮದುವೆಗೆ ಮೊದಲು ಬಲಗಡೆಯನ್ನೂ ಬೋಳಿಸಿ ಸಮ ಮಾಡೋಣ ಎಂದು ನಾನು ಹೇಳಿದೆ. ಸೋಲದ ಕಾಲನ್ನು ಬೋಳಿಸುವುದು ಅನ್ಯಾಯವೆಂದು ಮಾವ, ಪುಕ್ಕಟೆ ಗೆಲುವು ತನಗೆ ಬೇಡವೆಂದು ಅತ್ತೆ. ಹಾಗಾಗಿ ಶೇಷ ಅರ್ಧ ಪ್ಯಾಂಟಿನಲ್ಲೇ ಸಣ್ಣ ಲಾರಿ ಹತ್ತಿದ.

ಇಲ್ಲಿಗೆ ಮುಗಿದಿದ್ದರೆ ನಾನು ಗಡ್ಡ ಕೆರೆದುಕೊಂಡು ಸುಮ್ಮನಿರುತ್ತಿದ್ದೆ. ಮದುವೆಯ ಚಪ್ಪರದೆದುರು ವರನ ತಾಯಿ ಶೇಷನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು, "ಎಂತದು ಚಂದ್ರಣ್ಣ ಇದು? ಒಂದ್ಕಡೆ ಕೂದ್ಲು, ಒಂದ್ಕಡೆ ಬೋಳು!" ಎಂದರು. ಮಾವ ರೆಪ್ಪೆ ಬಡಿಯದೆ, "ಅದು ಹಂಗೇ ಅಕ್ಕಾ, ಪದ್ಧತಿ" ಎಂದ.

ಪದ್ಧತಿ ಎಂಬ ಶಬ್ದ ನಮ್ಮಲ್ಲಿ ಏನು ಮಾಡಬಲ್ಲದು ಎಂಬುದನ್ನು ಅವತ್ತು ಕಣ್ಣಾರೆ ಕಂಡೆ. ವರನ ತಾಯಿಯ ಮುಖ ತಿಳಿಯಾಯಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿ, "ಎಡಭಾಗ ಹೆಂಡ್ತೀದು. ಅದ್ಕೇ ಆ ಕಡೆ ನುಣ್ಣಗೆ. ಮೊದ್ಲೆಲ್ಲ ಹಿಂಗೇ ಇತ್ತು, ಈಗಿನವ್ರಿಗೆ ಎಂತ ಗೊತ್ತು" ಎಂದರು. ನಾನು ತಡೆಯಲಾರದೆ ಮುಂದೆ ಬಂದೆ. "ಇಲ್ಲ ಸಾರ್, ಇದು ಒಂದು ಪ್ರಯೋಗ. ಮಾಡಿದವನು ನಾನೇ. ಅದೂ ವಿಫಲವಾದ ಪ್ರಯೋಗ." ಅವರು ನನ್ನ ಬೆಳೆಯುತ್ತಿದ್ದ ಗಡ್ಡವನ್ನು ನೋಡಿ, ಮಾವನ ಕಡೆ ತಿರುಗಿ, "ಹುಡ್ಗ ಓದಿದ್ದು ಜಾಸ್ತಿ ಆಗಿದೆ, ಅಲ್ವನಾ?" ಎಂದರು. ವಾಲಗ ಶುರುವಾಯಿತು.

ಆ ಋತುವಿನಲ್ಲಿ ಮಾವನಿಗೆ ಬಂದ ಕರೆಗಳೆಲ್ಲ ಒಂದೇ ಬಗೆಯವು. "ಎಡಗಾಲು ಬೋಳ್ಸಿದ್ ಕುದ್ರೆ ನಿಮ್ಮತ್ರಾನೇ ಇರೋದಾ?" ಸಾಗರದಲ್ಲಿ ಒಂದು ನಿಶ್ಚಿತಾರ್ಥದಲ್ಲಿ, ಎಡಗಾಲಿನ ಕೂದಲು ಸರಿಯಾಗಿ ತೆಗೆದಿಲ್ಲವೆಂದು ಹುಡುಗಿಯ ಅಜ್ಜಿ ಮುನಿಸಿಕೊಂಡರಂತೆ. ಮಿಷನ್ನು ಆಷಾಢದವರೆಗೂ ಹೊಸನಗರದಲ್ಲೇ ದುಡಿಯಿತು. ಜೀವಮಾನವಿಡೀ ಮೂಢನಂಬಿಕೆಗಳ ವಿರುದ್ಧ ಮಾತಾಡಿದ ನಾನು, ಮೂರು ತಾಲ್ಲೂಕುಗಳಿಗೆ ಒಂದು ಹೊಸದನ್ನು ಕಾಣಿಕೆಯಾಗಿ ಕೊಟ್ಟಿದ್ದೇನೆ. ಇದರ ವಿರುದ್ಧ ಮಾತಾಡಲು ಯಾರಾದರೂ ಕರೆದರೆ ನನ್ನ ಬಳಿ ಉತ್ತಮ ವಾದಗಳಿವೆ. ಪರವಾಗಿಯೂ ಇವೆ.

ಈಗ ಮತ್ತೆ ಚಳಿ ಬಿದ್ದಿದೆ. ಕಾಲೇಜಿಗೆ ಹೋಗುವಾಗ ಮೈದಾನದ ಹುಲ್ಲು ಪ್ಯಾಂಟಿನ ಅಂಚನ್ನು ನೆನೆಸುತ್ತದೆ. ನಿನ್ನೆ ಬೆಳಿಗ್ಗೆ ಅತ್ತೆಯ ಫೋನು ಬಂತು. ಹಿನ್ನೆಲೆಯಲ್ಲಿ ಪಾತ್ರೆಗಳ ಸದ್ದಿನ ನಡುವೆ ಒಂದು ದೊಡ್ಡ ಉಸಿರು ಕೇಳಿಸುತ್ತಿತ್ತು. ಶೇಷ ಈಗ ಅಡಿಗೆಮನೆಯ ಬಾಗಿಲಲ್ಲಿ ತಲೆ ತೂರಿಸಿ ನಿಲ್ಲುತ್ತಾನಂತೆ.

"ಏ ಸೋಪ್‌ಡಬ್ಬಿ, ಭಾನ್ವಾರ ಬೇಡ, ಬುಧ್ವಾರ ಬಾ. ಮಿಷಿನ್ ಮರೀಬೇಡ. ಇಬ್ಬನಿ ಬೀಳೋಕೆ ಶುರುವಾಗಿದೆ, ಇವ್ರು ಆಗ್ಲೇ ಡ್ರೈಯರ್ ಒರ್ಸಿ ಇಟ್ಕಂಡಿದಾರೆ."

"ಎಡಗಡೆ ತಾನೇ?"

"ಬೋಳ್ಸೋದು ಎಡಗಡೇನೇ, ಮದ್ವೆಯವ್ರು ಬಿಡ್ತಾರಾ? ಆದ್ರೆ ಎಡಗಡೆ ಈ ಸಲ ನಿನ್ ಮಾವಂಗೆ. ಕೂದ್ಲಿರೋ ಕಡೆ ನಂದು."

"ಅತ್ತೆ, ನೀನು ಬೋಳಿಸುವ ಪಕ್ಷದವಳು! ಇದು ಪಕ್ಷಾಂತರ."

"ಎಂತದಾರೂ ಅನ್ನು. ಹೋದ ಸಲ ಸುಲಭದ್ದು ನಂಗೆ ಕೊಟ್ಟು ಏಮಾರ್ಸಿದ್ರಿ. ಕೂದ್ಲಿರೋ ಕಾಲು ಕಾಯೋದೇ ಕಷ್ಟ, ನಂಗೊತ್ತಾಯ್ತು. ಈ ಸಲ ತೋರಿಸ್ತೀನಿ."

ಇಷ್ಟು ಬರೆದು ಎದ್ದು, ಮಿಷನ್ನನ್ನು ಕಪಾಟಿನಿಂದ ಇಳಿಸಿ ಚಾರ್ಜಿಗೆ ಹಾಕಿದ್ದೇನೆ. ಅದು ಇದ್ದ ಜಾಗ ಶೀಲ್ಡುಗಳ ಸಾಲಿನಲ್ಲಿ ಬೋಳಾಗಿ ಕಾಣುತ್ತಿದೆ.